ಕಾರ್ಡಿನಲ್ಲಿ ಒಂದು ಹೆಸರು, ಬಟನ್ ಹಿಂದೆ ಇನ್ನೊಂದು

ಭಾವನವರೇ,

ಕ್ಷೇಮ ಸಮಾಚಾರ ಕೇಳಿ ಶುರುಮಾಡುವುದು ಮರ್ಯಾದೆ. ನೀವು ಕ್ಷೇಮವಾಗಿದ್ದೀರಿ ಎಂಬುದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ಅದನ್ನು ಬಿಡುತ್ತೇನೆ.

ಅಕ್ಕ ಇಂದು ಬೆಳಿಗ್ಗೆ ನೀರು ಸರಬರಾಜು ಕಚೇರಿಯಲ್ಲಿ ವಿಚಾರಣೆಗೆ ಹೋಗಿದ್ದಳು. ಅವಳ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ನಿಮಗೆ ಮೀಟಿಂಗ್ ಇತ್ತಂತೆ. ನಾನು ಹೋಗಿದ್ದೆ. ಅಲ್ಲಿ ಏನಾಯಿತೆಂದು ನಿಮಗೆ ಬೇರೆಯವರು ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ. ಹಿಂದಿನದನ್ನೂ ಸ್ವಲ್ಪ ಬರೆಯಬೇಕು. ನಿಮಗೆ ಗೊತ್ತಿರುವ ಸಂಗತಿಗಳೇ. ಆದರೆ ನಿಮ್ಮ ಬಾಯಲ್ಲಿ ಅವು ಬೇರೆ ಆಕಾರ ತಳೆಯುತ್ತವೆ, ಅದಕ್ಕೆ.

ಆಫೀಸಿನಲ್ಲಿ ನಿಮ್ಮನ್ನು ಎಲ್ಲರೂ ಗುರುಗಳು ಎನ್ನುತ್ತಾರೆ. ನೀವು ಬರೆದ ಪ್ರೋಗ್ರಾಮ್‌ಗಳಲ್ಲಿ ತಪ್ಪು ಹುಡುಕುವುದು ಅಲ್ಲಿ ನನ್ನ ಕೆಲಸ. ಆ ಕೆಲಸ ಕೊಡಿಸಿದವರು ನೀವೇ ಎಂಬುದನ್ನು ಮರೆಯಲು ನೀವು ಎಂದೂ ಅವಕಾಶ ಕೊಡಲಿಲ್ಲ. ನೆಂಟರ ಮುಂದೆ, ಕ್ಯಾಂಟೀನಿನಲ್ಲಿ, ಒಮ್ಮೆ ಲಿಫ್ಟಿನಲ್ಲಿ ಅಪರಿಚಿತರ ಎದುರೂ ಹೇಳಿದ್ದೀರಿ. ಋಣ ತೀರಿಸಲೆಂದೇ ನಾನು ನಿಮ್ಮ ತಪ್ಪುಗಳನ್ನು ಶ್ರದ್ಧೆಯಿಂದ ಹುಡುಕುತ್ತಿದ್ದೆ. ಹುಡುಕಲು ಕಷ್ಟಪಡಬೇಕಾದದ್ದು ಅಪರೂಪ.

ನೀರು ಸರಬರಾಜು ಕಚೇರಿಗೆಂದು ನೀವು ಬರೆದ ಕಂಪ್ಯೂಟರ್ ಪರದೆ ನೆನಪಿದೆಯಲ್ಲ? ಊರಿನ ಕೊಳವೆಗಳ ನಕ್ಷೆ, ಅದರ ತುಂಬ ಪುಟ್ಟ ಪುಟ್ಟ ವೃತ್ತಗಳು, ಒಂದೊಂದು ವೃತ್ತವೂ ಒಂದು ವಾಲ್ವ್. ಮೌಸಿನ ಬಾಣವನ್ನು ವೃತ್ತದ ಮೇಲೆ ನಿಲ್ಲಿಸಿದರೆ ಸ್ವಲ್ಪ ಆಚೆಗೆ ಒಂದು ಕಾರ್ಡು ತೆರೆಯುತ್ತದೆ. ಕಾರ್ಡಿನಲ್ಲಿ ವಾಲ್ವಿನ ಹೆಸರು, ಅದರೊಳಗೊಂದು ಚೌಕ, ಚೌಕದೊಳಗೆ ತೆರೆಯುವ ಮತ್ತು ಮುಚ್ಚುವ ಬಟನ್‌ಗಳು. ಮೊದಲ ಸಲ ನೀವು ತಂದು ತೋರಿಸಿದಾಗ ಬಟನ್ ಒತ್ತಲು ಯಾರಿಂದಲೂ ಆಗಲಿಲ್ಲ. ಬಾಣ ಬಟನ್ ಮೇಲೆ ಬಂದ ಕೂಡಲೇ ಹೊರಗಿನ ಕಾರ್ಡಿಗೆ ‘ಬಾಣ ಹೋಯಿತು’ ಎಂಬ ಸುದ್ದಿ ಮುಟ್ಟುತ್ತಿತ್ತು, ಕಾರ್ಡು ಮಾಯವಾಗುತ್ತಿತ್ತು. ನಡುಮನೆಯಿಂದ ಅಡುಗೆಮನೆಗೆ ಹೋದವನನ್ನು ಮನೆ ಬಿಟ್ಟೇ ಹೋದನೆಂದು ತಿಳಿದು ದೀಪ ಆರಿಸಿ ಬೀಗ ಹಾಕಿದ ಹಾಗೆ.

ಈ ರೋಗ ಹೊಸದಲ್ಲ. ಪರದೆಯ ಮೇಲೆ ಒಂದರೊಳಗೊಂದು ಕೂತ ಪೆಟ್ಟಿಗೆಗಳಿರುವ ಕಡೆಯಲ್ಲೆಲ್ಲ ಇದು ಇರುತ್ತದೆ, ಮದ್ದೂ ಎಲ್ಲರಿಗೂ ಗೊತ್ತು. ‘ಹೋಯಿತು’ ಎಂಬ ಸುದ್ದಿ ಬಂದಾಗ ಬಾಣ ನಿಜವಾಗಿ ಎಲ್ಲಿದೆ ಎಂದು ನೋಡಬೇಕು. ಕಾರ್ಡಿನ ಅಂಚಿನೊಳಗೇ ಇದ್ದರೆ ಸುಮ್ಮನಿರಬೇಕು. ಕೆಲಸಕ್ಕೆ ಹೊಸದಾಗಿ ಸೇರಿದವರೂ ಇದನ್ನು ಬರೆಯುತ್ತಾರೆ. ಗುರುಗಳಾದ ನೀವು ಬರೆಯಲಿಲ್ಲ. ಗ್ರಾಹಕರು ಬಂದು ಕೂತಿದ್ದರು, ನಿಮಗೆ ಅವಸರ. ಒಮ್ಮೆ ತೆರೆದ ಕಾರ್ಡು ಸ್ವಲ್ಪ ಹೊತ್ತು ಏನೇ ಆದರೂ ಹಾಗೇ ನಿಂತಿರಲಿ, ಆ ಹೊತ್ತಿನಲ್ಲಿ ಬೇರೆ ಕಾರ್ಡು ತೆರೆಯದಿರಲಿ ಎಂದು ಬರೆದು ಕೈ ತೊಳೆದುಕೊಂಡಿರಿ. ಗ್ರಾಹಕರು ತಲೆಯಾಡಿಸಿದರು. ನೀವು ಕಾಫಿ ತರಿಸಿದಿರಿ.

ಕಾರ್ಡು ಬದಲಾಗುವುದನ್ನು ತಡೆದಿರಿ, ಸರಿ. ಬಟನ್ ಒತ್ತಿದರೆ ಯಾವ ವಾಲ್ವಿಗೆ ಆಜ್ಞೆ ಹೋಗಬೇಕು ಎಂಬುದು ಬದಲಾಗುವುದನ್ನು ತಡೆಯಲಿಲ್ಲ. ವೃತ್ತದಿಂದ ಕಾರ್ಡಿನತ್ತ ಹೋಗುವ ದಾರಿಯಲ್ಲಿ ಬಾಣ ಇನ್ನೊಂದು ವೃತ್ತದ ಮೇಲೆ ಒಂದು ಕ್ಷಣ ತಂಗಿದರೆ ಸಾಕು, ಬಟನ್ ಆ ವಾಲ್ವಿನ ಪಾಲಾಗುತ್ತಿತ್ತು. ಕಾರ್ಡಿನ ಮೇಲೆ ಮಾತ್ರ ಹಳೆಯ ಹೆಸರೇ. ನಾನು ನಿಮ್ಮ ಮೇಜಿನ ಹತ್ತಿರ ಬಂದು ಇದನ್ನು ಮಾಡಿ ತೋರಿಸಿದೆ. ನೀವು ಕುರ್ಚಿಯನ್ನು ತಿರುಗಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಿರಿ: “ಏನಮ್ಮಾ, ಅರ್ಧ ದಾರೀಲಿ ಮೌಸ್ ನಿಲ್ಲಿಸ್ಕೊಂಡು ಯಾರು ಕನಸು ಕಾಣ್ತಾ ಕೂರ್ತಾರೆ? ನಿನ್ನಂಥ ಆಮೆ ಕೈಯವರಿಗೆ ಬೇರೇನೇ ಒಂದು ಮಾಡ್ಕೊಡೋಣ ಬಿಡು.” ಎಲ್ಲರೂ ನಕ್ಕರು. ನಾನು ದಾಖಲಿಸಿದ್ದ ದೂರಿನ ಕೆಳಗೆ ನೀವು ‘ಬಳಸುವವರ ಅಭ್ಯಾಸದ ಸಮಸ್ಯೆ’ ಎಂದು ಬರೆದು ಅದನ್ನು ಮುಚ್ಚಿದಿರಿ. ನಿಮ್ಮ ಕೈ ಚುರುಕು. ವೃತ್ತದಿಂದ ಬಟನ್‌ಗೆ ಒಂದೇ ಬೀಸಿನಲ್ಲಿ ಹೋಗುತ್ತದೆ. ಹಾಗಾಗಿ ನಿಮ್ಮ ಕೈಗೆ ಈ ತಪ್ಪು ಎಂದೂ ಸಿಗಲಿಲ್ಲ, ಮತ್ತು ನಿಮ್ಮ ಕೈಗೆ ಸಿಗದದ್ದು ಜಗತ್ತಿನಲ್ಲಿ ಇಲ್ಲ.

ಅರ್ಧ ದಾರಿಯಲ್ಲಿ ನಿಲ್ಲಿಸುವವರು ಯಾರು ಎಂದು ಕೇಳಿದಿರಲ್ಲ, ನಿಮ್ಮ ಹೆಂಡತಿ. ಅವಳ ನಿಯಂತ್ರಣ ಕೊಠಡಿಯಲ್ಲಿ ಒಂದು ಪದ್ಧತಿಯಿದೆ. ವಾಲ್ವ್ ತೆರೆಯುವ ಮೊದಲು ಅದರ ಹೆಸರನ್ನು ಗಟ್ಟಿಯಾಗಿ ಓದಬೇಕು, ಪಕ್ಕದ ಕುರ್ಚಿಯಲ್ಲಿರುವವರು ಕೇಳಿಸಿಕೊಂಡು ಹ್ಞೂಂ ಎನ್ನಬೇಕು, ಆಮೇಲೆ ಒತ್ತಬೇಕು. ಓದುವಾಗ ಕೈ ನಿಲ್ಲುತ್ತದೆ. ಮನುಷ್ಯರ ಕೈ ಹಾಗೆಯೇ. ಅವಳು ಇಷ್ಟು ವರ್ಷಗಳಿಂದ ಅದೇ ಕುರ್ಚಿಯಲ್ಲಿ ಕೂತಿದ್ದಾಳೆ, ಅವಳು ಬಳಸುವ ಪರದೆಯನ್ನೇ ನೀವು ಬರೆಯುತ್ತಿದ್ದಿರಿ, ಸಂಜೆ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದಿರಿ. ‘ನೀನು ಹೇಗೆ ಒತ್ತುತ್ತೀಯೆ’ ಎಂದು ಒಂದು ಸಲ ಕೇಳಬಹುದಿತ್ತು. ಕೇಳಿದ್ದರೆ ಗುರುತನಕ್ಕೆ ಕುಂದು ಬರುತ್ತಿತ್ತೇನೋ. ಅವಸರದವರನ್ನು ಬಿಟ್ಟು, ನಿಂತು ಓದುವವರನ್ನೇ ಆರಿಸಿ ಹಿಡಿಯುವ ಯಂತ್ರ ಮಾಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನಿಮಗೆ ಪ್ರಯತ್ನವಿಲ್ಲದೆ ಬಂದಿದೆ.

ಅಪಘಾತವಾದ ಆ ಮಧ್ಯಾಹ್ನ ಅವಳು ಕಾರ್ಡು ನೋಡಿ “ಗೋದಾಮು ರಸ್ತೆ” ಎಂದು ಓದಿದಳು. ಪಕ್ಕದವರು ಹ್ಞೂಂ ಎಂದರು. ಅವಳು ಒತ್ತಿದಳು. ತೆರೆದದ್ದು ಶಾಲೆಯ ಹಿಂದಿನ ವಾಲ್ವ್. ಅಲ್ಲಿನ ಹೊಂಡದಲ್ಲಿ ಫಿಟ್ಟರ್ ಒಬ್ಬ ಇಳಿದು ಕೊಳವೆ ಬಿಚ್ಚಿಕೊಂಡು ಕೂತಿದ್ದ. ದುರಸ್ತಿ ನಡೆಯುವ ವಾಲ್ವಿನ ಕಾರ್ಡಿನಲ್ಲಿ ಕೆಂಪು ಗುರುತು ಬರುತ್ತದೆ, ಆದರೆ ಅವಳ ಕಣ್ಣೆದುರು ಇದ್ದದ್ದು ಬೇರೆ ವಾಲ್ವಿನ ಕಾರ್ಡು. ನೀರು ಅವನನ್ನು ಗೋಡೆಗೆ ಎಸೆಯಿತು. ಬದುಕಿಕೊಂಡ. ಬಲ ಭುಜದ ಮೂಳೆ ಮುರಿದಿದೆ, ಮತ್ತೆ ಸ್ಪ್ಯಾನರ್ ಹಿಡಿಯುವಂತಾಗುತ್ತದೆಯೇ ಎಂದು ಡಾಕ್ಟರೂ ಹೇಳುತ್ತಿಲ್ಲ. ಶಾಲೆಯ ಹಿಂದಿನ ವಾಲ್ವನ್ನು ಅಕ್ಕ ತೆರೆದಳೆಂದು ಕಂಪ್ಯೂಟರ್ ಬರೆದುಕೊಂಡಿತ್ತು. ಪಕ್ಕದವರು ಅವಳ ಪರವಾಗಿ, “ಅವರು ಗೋದಾಮು ರಸ್ತೆ ಅಂತಾನೇ ಓದಿದ್ರು ಸಾರ್, ನಾನೇ ಕೇಳಿಸ್ಕೊಂಡೆ” ಎಂದರು. ಅದೂ ಅವಳಿಗೇ ತಿರುಗಿಬಿತ್ತು. ಬಾಯಲ್ಲಿ ಒಂದು, ಕೈಯಲ್ಲಿ ಒಂದು, ಗಮನವಿಲ್ಲದ ಹೆಂಗಸು ಎಂದಾಯಿತು.

ಮನೆಯಲ್ಲಿ ನೀವು ಸಮಾಧಾನ ಹೇಳಿದ್ದನ್ನು ಅಕ್ಕ ನನಗೆ ಹೆಮ್ಮೆಯಿಂದ ಹೇಳಿದ್ದಳು. “ಎಲ್ಲರಿಗೂ ಒಂದೊಂದ್ಸಲ ಕೈ ಜಾರತ್ತೆ ಕಣೆ. ನನ್ನ ಕೈ ತಪ್ಪಾಯ್ತು ಅಂತ ಒಪ್ಕೊಂಡ್ಬಿಡು, ದೊಡ್ಡದು ಮಾಡಲ್ಲ ಅವರು.” ಎಷ್ಟು ಒಳ್ಳೆಯವರು ನೋಡೇ, ಒಂದು ಮಾತು ಬೈಯಲಿಲ್ಲ ಎಂದಳು. ಆಮೇಲೆ ಅವಳು ತನ್ನ ಕೈಯನ್ನು ನಂಬುವುದನ್ನೇ ಬಿಟ್ಟಳು. ಒಲೆ ಆರಿಸಿ ಮತ್ತೆ ಬಂದು ನೋಡುವಳು. ಕತ್ತರಿ ಎತ್ತಿಕೊಂಡು ಇಟ್ಟುಬಿಡುವಳು. ಫಿಟ್ಟರನ್ನು ನೋಡಲು ಹೋದಾಗ ಅವನು, “ನೀವು ಬೇಕಂತ ಮಾಡಿಲ್ಲ ಅಂತ ಗೊತ್ತಮ್ಮ” ಎಂದನಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ನನ್ನ ಮುಂದೆ ಅತ್ತಳು. ಇದೆಲ್ಲ ನಿಮ್ಮ ಕಣ್ಣೆದುರೇ ನಡೆಯುತ್ತಿತ್ತು, ನೀವು ಟಿವಿಯ ಸದ್ದು ಕಡಿಮೆ ಮಾಡಿಕೊಂಡು ನೋಡುವಷ್ಟು ಸೌಜನ್ಯ ತೋರಿಸುತ್ತಿದ್ದಿರಿ.

ಕಳೆದ ಭಾನುವಾರ ನನ್ನ ಮನೆಯಲ್ಲಿ ಅವಳು ಆ ಮಧ್ಯಾಹ್ನದ್ದನ್ನು ಮೇಜಿನ ಮೇಲೆ ಬೆರಳಿಟ್ಟು ತೋರಿಸಿದಳು. “ಇಲ್ಲಿಟ್ಟೆ, ಹೀಗೆ ಬಂದೆ, ಓದ್ದೆ, ಆಮೇಲೆ ಒತ್ತಿದೆ.” ಓದ್ದೆ ಎನ್ನುವಾಗ ಬೆರಳು ನಡುದಾರಿಯಲ್ಲಿ ನಿಂತಿತು. ನನಗೆ ಅಷ್ಟು ಸಾಕಾಗಿತ್ತು.

ಮಾರನೆಯ ದಿನ ಆಫೀಸಿನಲ್ಲಿ ನೋಡಿದರೆ ತಪ್ಪು ಅಲ್ಲಿರಲೇ ಇಲ್ಲ. ಅಪಘಾತವಾದ ವಾರವೇ ನೀವು ಅದನ್ನು ತಿದ್ದಿ, ‘ಸಣ್ಣಪುಟ್ಟ ಸುಧಾರಣೆ’ ಎಂಬ ಹೆಸರಿನಲ್ಲಿ ನಿಯಂತ್ರಣ ಕೊಠಡಿಗೆ ಕಳಿಸಿದ್ದಿರಿ. ಕಾರ್ಡು ತನ್ನ ವಾಲ್ವನ್ನು ತಾನೇ ನೆನಪಿಟ್ಟುಕೊಳ್ಳಲಿ ಎಂಬ ಒಂದೇ ಒಂದು ಸಾಲು. ಯಂತ್ರದ ತಪ್ಪನ್ನು ತಿದ್ದಿದಿರಿ, ಹೆಂಡತಿಯ ತಪ್ಪು ಮಾತ್ರ ಹಾಗೇ ಇರಲಿ ಎಂದು ಬಿಟ್ಟಿರಿ. ಮೆಟ್ಟಿಲ ಬಳಿ ನಿಮ್ಮನ್ನು ನಿಲ್ಲಿಸಿ ಕೇಳಿದೆ. ನೀವು ದನಿ ತಗ್ಗಿಸಿ ಹೇಳಿದಿರಿ: “ಕಂಪನಿ ಹೆಸರು ಕೆಟ್ರೆ ನಿನ್ನ ಕೆಲಸನೂ ಹೋಗತ್ತೆ. ಅವಳಿಗೇನು, ಮನೇಲಿ ನಾನಿದೀನಲ್ಲ.” ನೀವು ಕೋಪದಿಂದಲೋ ಭಯದಿಂದಲೋ ಹೇಳಿದ್ದರೆ ನಾನು ನಿಮ್ಮನ್ನು ಮನುಷ್ಯರೆಂದುಕೊಳ್ಳುತ್ತಿದ್ದೆ. ನೀವು ಉದಾರಿಯಂತೆ ಹೇಳಿದಿರಿ.

ಪರೀಕ್ಷೆ ಮಾಡುವವರು ಹಳೆಯ ಆವೃತ್ತಿಗಳನ್ನು ಬಿಸಾಡುವುದಿಲ್ಲ ಎಂಬುದು ನಿಮಗೆ ಗೊತ್ತಿರಬೇಕಿತ್ತು. ನಿನ್ನೆ ಅಕ್ಕನನ್ನು ಕರೆಸಿ ಪರೀಕ್ಷೆಯ ಕಂಪ್ಯೂಟರಿನ ಮುಂದೆ ಕೂರಿಸಿದೆ. ಅವಳು ಹೆಸರು ಓದಿದಳು, ಒತ್ತಿದಳು, ಪರದೆಯಲ್ಲಿ ಬೇರೆ ವಾಲ್ವ್ ತೆರೆಯಿತು. ಮತ್ತೆ ಮಾಡಿದಳು. ಮತ್ತೂ ಮಾಡಿದಳು. ಅವಳು ಅಳಲಿಲ್ಲ. “ಅವರಿಗೆ ಗೊತ್ತಿತ್ತಾ?” ಎಂದಷ್ಟೇ ಕೇಳಿದಳು. ನಾನು ಸುಳ್ಳು ಹೇಳಲಿಲ್ಲ. ಅವಳು ಮೌಸನ್ನು ಪಕ್ಕಕ್ಕಿಟ್ಟು, “ಹಾಗಾದ್ರೆ ನಾಳೆ ಇದನ್ನ ತಗೊಂಡ್ಹೋಗೋಣ” ಎಂದಳು.

ಇಂದು ವಿಚಾರಣಾಧಿಕಾರಿ ಮೊದಲು ನಾವು ಒಯ್ದಿದ್ದ ಪರೀಕ್ಷೆಯ ಕಂಪ್ಯೂಟರ್ ಬೇಡವೆಂದರು. ತಪ್ಪು ಒಪ್ಪಿಕೊಂಡರೆ ಐದು ನಿಮಿಷದ ಕೆಲಸ ಎಂದರು. ಅಕ್ಕ ವಾದಿಸಲಿಲ್ಲ. “ನಾನು ಮುಟ್ಟಲ್ಲ ಸಾರ್. ನೀವೇ ಮಾಡಿ. ನಮ್ಮ ಪದ್ಧತಿ ಪ್ರಕಾರ ಹೆಸರು ಗಟ್ಟಿಯಾಗಿ ಓದಿ, ನಾನು ಹ್ಞೂಂ ಅಂತೀನಿ, ಆಮೇಲೆ ಒತ್ತಿ” ಎಂದಳು. ಅವರು ಕನ್ನಡಕ ಸರಿಮಾಡಿಕೊಂಡು, ಕೈ ನಿಲ್ಲಿಸಿ, ಶಾಲಾ ಬಾಲಕರ ಹಾಗೆ ‘ಗೋದಾಮು ರಸ್ತೆ’ ಎಂದು ಓದಿದರು. ಅವಳು ಹ್ಞೂಂ ಎಂದಳು. ಒತ್ತಿದರು. ಪರದೆಯಲ್ಲಿ ತೆರೆದದ್ದು ಶಾಲೆಯ ಹಿಂದಿನದೇ. ಅವರು ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು, ಅಕ್ಕ ಇಷ್ಟು ದಿನ ನೋಡಿಕೊಳ್ಳುತ್ತಿದ್ದ ಹಾಗೆಯೇ. ಆಮೇಲೆ ಕೇಳಿದರು: “ಯಾರಮ್ಮ ಇದನ್ನ ಮಾಡಿದ್ದು?”

ನಾನು ಕಂಪನಿಯ ಹೆಸರು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕನೇ ಹೇಳಿದಳು: “ನಮ್ಮ ಮನೆಯವರು. ನನ್ನ ಕೈ ಜಾರಿದೆ ಅಂತ ಹೇಳಿದ್ದೂ ಅವರೇ.”

ಅಧಿಕಾರಿ ನಮ್ಮಿಬ್ಬರಿಗೂ ನೀರು ತರಿಸಿ ಕೊಟ್ಟರು. ಅಕ್ಕ ಸೋಮವಾರದಿಂದ ತನ್ನ ಕುರ್ಚಿಗೆ ಮರಳುತ್ತಾಳೆ, ಆದೇಶ ಹಿಂದೆಯೇ ಬರುತ್ತದಂತೆ. ಹೊರಗೆ ಬಂದವಳೇ ಫಿಟ್ಟರನ ಮನೆಗೆ ಹೋದಳು. ಅಲ್ಲಿಂದ ನನ್ನ ಮನೆಗೆ ಬಂದಿದ್ದಾಳೆ. ಜೊತೆಗೆ ತಂದ ಎರಡು ಸೀರೆ ಸಾಕಾಗುವುದಿಲ್ಲ, ನಿಮ್ಮ ಮನೆಯಿಂದ ಉಳಿದದ್ದನ್ನೂ ತರಬೇಕು ಎಂದಳು, ಅಷ್ಟೇ. ಕೆಲಸ ಬಿಡುವ ಪತ್ರವನ್ನು ನಾನು ಬೇರೆ ಬರೆದಿದ್ದೇನೆ. ಅದರಲ್ಲಿ ನಿಮ್ಮನ್ನು ಗುರುಗಳೆಂದು ಕರೆದಿಲ್ಲ.

ಅವರು ನಿಮ್ಮನ್ನೂ ವಿಚಾರಣೆಗೆ ಕರೆಸುತ್ತಾರೆ. ಹೋಗಿ. ಒಳಗೆ ಕರೆಯುವವರೆಗೆ ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕಾಯಬೇಕಾಗುತ್ತದೆ. ನಿಮ್ಮ ಪಕ್ಕದಲ್ಲಿ ಕೂರಲು ಯಾರಾದರೂ ಸಿಗಲಿ ಎಂದು ಮನಸಾರೆ ಹಾರೈಸುತ್ತೇನೆ. ನಾವಿಬ್ಬರೂ ಬರುವುದಿಲ್ಲ.

ಇಲ್ಲಿಗೆ ಮುಗಿಸುತ್ತೇನೆ,
ಇವತ್ತಿನವರೆಗೆ ನಿಮ್ಮ ನಾದಿನಿಯಾಗಿದ್ದವಳು