ಪರದೆಯ ಹಿಂದೆ ನಾನಿರಲಿಲ್ಲ

ಆಚೆ ದಡದ ಬ್ರೆಜಿಲ್ ದೇಶದಲ್ಲಿ ಬಸ್‌ಮನೆ ಸಮೇತ ಬಿಡಾರ ಹೂಡಿರುವ ಬಸಿಲಿಯೊನಿಗೆ, ಈಚೆ ದಡದ ಅರ್ಜೆಂಟೀನಾದಲ್ಲಿ ಒಂದು ಫ್ಲಾಸ್ಕು ಸಮೇತ ಉಳಿದುಹೋಗಿರುವ ನಿನ್ನ ಹೆಂಡತಿ ಇರ್ಮಾ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆದು ತಿಳಿಸು ಎಂದು ಕೇಳುವ ಅಗತ್ಯ ಬೀಳಲಿಲ್ಲ. ನದಿಯ ಆಚೆ ನೀನು ಮಾಡುತ್ತಿರುವುದೆಲ್ಲ ಇಲ್ಲಿಗೆ ಸ್ಪಷ್ಟವಾಗಿ ಕಾಣುತ್ತಿದೆ. ಲಾಂಚಿನಿಂದ ಬಸ್ಸನ್ನು ಇಳಿಸಿದೆ. ಹಿಂದಿನ ಬಾಗಿಲು ತೆಗೆದು ಒಳಗೆ ಹೋದೆ. ಹೊರಗೆ ಬಂದೆ. ಬಸ್ಸಿಗೆ ಪ್ರದಕ್ಷಿಣೆ ಹಾಕಿದೆ. ಅಷ್ಟರವರೆಗೆ ಎಲ್ಲ ಸರಿ. ಆಮೇಲೆ ಮೊಣಕಾಲೂರಿ ಬಗ್ಗಿ ಬಸ್ಸಿನ ಅಡಿಯಲ್ಲಿ ನೋಡಿದೆಯಲ್ಲ, ಅದೇಕೆಂದು ಮಾತ್ರ ಹೊಳೆಯಲಿಲ್ಲ. ಮದುವೆಯಾದಂದಿನಿಂದ ಇಂದಿನವರೆಗೆ ನಾನು ಯಾವತ್ತಾದರೂ ಬಸ್ಸಿನ ಅಡಿಯಲ್ಲಿ ಕೂತದ್ದುಂಟೇ, ಮುದುಕಾ?

ಈ ಕಡವಿನ ಪಕ್ಕದಲ್ಲಿರುವ ಓಲ್ಗಾಳ ಗೂಡಂಗಡಿಯ ಬೆಂಚಿನ ಮೇಲೆ ಕೂತು, ಅವಳು ಗಿಣ್ಣು ಹಾಕಿದ ಚಿಪಾ ರೊಟ್ಟಿ ಕಟ್ಟಿಕೊಡುವ ಕಾಗದದ ಮೇಲೆ ಬರೆಯುತ್ತಿದ್ದೇನೆ. ಅಲ್ಲಲ್ಲಿ ಜಿಡ್ಡು ಕಂಡರೆ ಕಣ್ಣೀರೆಂದು ಭ್ರಮಿಸಬೇಡ, ಅದು ಗಿಣ್ಣು. ಕೂಗಿ ನೋಡಿದೆ, ಗಾಳಿ ನಮ್ಮ ಕಡೆಗೇ ಬೀಸುತ್ತಿದೆ. ನನ್ನ ಫೋನು ನಿನ್ನ ಬಸ್‌ಮನೆಯ ಮಂಚದ ಮೇಲೆ ಚಾರ್ಜಿಗೆ ಮಲಗಿದೆ. ಓಲ್ಗಾ ತನ್ನ ಫೋನು ಕೊಟ್ಟಳು, ಆದರೆ ನಿನ್ನ ನಂಬರು ನನಗೆ ಬಾಯಿಗೆ ಬರುವುದಿಲ್ಲ. ಇಷ್ಟು ವರ್ಷ ನಿನ್ನನ್ನು ಕರೆಯಲು ಒಂದು ಕೆಮ್ಮು ಸಾಕಾಗಿತ್ತು.

ಇದೆಲ್ಲ ಹೇಗಾಯಿತೆಂದು ನೀನು ತಲೆ ಕೆಡಿಸಿಕೊಂಡಿರಬಹುದು. ನಾನೂ ಕೆಡಿಸಿಕೊಂಡಿದ್ದೇನೆ. ಬೆಳಿಗ್ಗೆ ನೀನು ಹೊರಡುವ ಸಡಗರದಲ್ಲಿ ಮಾಟೆ ಕಷಾಯದ ನೀರನ್ನು ಕೊತಕೊತ ಕುದಿಸಿಬಿಟ್ಟೆ. ಮಾಟೆಗೆ ನೀರು ಕುದಿಯಬಾರದು, ಸೊಪ್ಪು ಸುಟ್ಟು ಕಹಿಯಾಗುತ್ತದೆ ಎಂದು ಈ ಸೀಮೆಯಲ್ಲಿ ಹಾಲು ಬಿಡದ ಕೂಸಿಗೂ ಗೊತ್ತು. ಆದ್ದರಿಂದ, ನಡೆದು ಬರುವವರ ಕಿಟಕಿಯಲ್ಲಿ ದೇಶ ಬಿಟ್ಟ ಮುದ್ರೆ ಒತ್ತಿಸಿಕೊಂಡವಳು, ಲಾಂಚಿಗೆ ಹತ್ತುವ ಮುಂಚೆ ಫ್ಲಾಸ್ಕು ಹಿಡಿದು ಓಲ್ಗಾಳ ಹತ್ತಿರ ಹದವಾದ ನೀರಿಗೆ ಬಂದೆ. ನೀನು ಬಸ್ಸನ್ನು ಲಾಂಚಿಗೆ ಹತ್ತಿಸಿದೆ. ನಾನು ಒಳಗೆ, ಪರದೆಯ ಹಿಂದೆ, ಮಂಚದ ಮೇಲೆ ಕಾಲು ಚಾಚಿದ್ದೇನೆ ಎಂದು ನೀನು ಅಂದುಕೊಂಡೆ. ಮಾಮೂಲಿ ಕಾರಿನವರಾಗಿದ್ದರೆ ಪಕ್ಕದ ಸೀಟು ಖಾಲಿ ಇದೆಯೆಂದು ಕಾಣುತ್ತಿತ್ತು. ಬಸ್‌ಮನೆಯವರಿಗೆ ಆ ಭಾಗ್ಯವಿಲ್ಲ. ಮನೆ ಜೊತೆಯಲ್ಲಿದ್ದ ಮೇಲೆ ಹೆಂಡತಿ ಮನೆಯಲ್ಲಿರಲೇಬೇಕಲ್ಲ!

ಮೂವತ್ತು ವರ್ಷ ಇದೇ ಬಸ್ಸನ್ನು ಕಾಲೊನಿಯಿಂದ ಪೇಟೆಗೆ ಓಡಿಸಿದವನು ನೀನು. ನಿಲ್ದಾಣ ನಿಲ್ದಾಣದಲ್ಲಿ ಹಿಂತಿರುಗಿ, "ಎಲ್ಲ ಹತ್ತಿದ್ರಾ? ಅಜ್ಜಿ ಕೂತ್ರಾ? ಕೋಳಿ ಕೂತ್ವಾ?" ಎಂದು ಕೇಳದೆ ಗೇರು ಹಾಕಿದವನಲ್ಲ. ಒಬ್ಬ ಪ್ರಯಾಣಿಕನನ್ನೂ ಬಿಟ್ಟುಹೋಗದ ಚಾಲಕನೆಂದು ನಿವೃತ್ತಿಯ ದಿನ ನಿನ್ನ ಕೊರಳಿಗೆ ಹೂವು ಬಿತ್ತು. ಬಿಟ್ಟುಹೋಗಲು ಒಂದೇ ಒಂದು ಅವಕಾಶವನ್ನು ಕಾದಿಟ್ಟುಕೊಂಡಿದ್ದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಲಾಂಚು ಹೊರಟದ್ದು ಕಂಡು ನಾನು ಮುದ್ರೆಯ ಕಿಟಕಿಗೆ ಓಡಿದೆ. ಅಲ್ಲಿರುವ ಹುಡುಗಿ ಬಹಳ ಮರ್ಯಾದಸ್ಥೆ.

"ಅಮ್ಮಾ, ದಾಖಲೆ ಪ್ರಕಾರ ನೀವು ಇಲ್ಲಿಲ್ಲ," ಎಂದಳು.

"ಹಾಗಾದ್ರೆ ಬ್ರೆಜಿಲಲ್ಲಿದ್ದೀನಾ?"

"ಅಲ್ಲಿ ಮುದ್ರೆ ಬಿದ್ದಿಲ್ವಲ್ಲ. ಅಲ್ಲೂ ಇಲ್ಲ."

"ಮತ್ತೆ ಈಗ ನಿಮ್ ಜೊತೆ ಮಾತಾಡ್ತಿರೋದು ಯಾರು ತಾಯಿ?"

ಅವಳು ಕಂಪ್ಯೂಟರನ್ನು ನೋಡಿ, "ಅದು ಇದರಲ್ಲಿ ಬರಲ್ಲ," ಎಂದಳು.

ಹೀಗೆ ನಿನ್ನ ಹೆಂಡತಿ ತ್ರಿಶಂಕುವಾಗಿ ಕೂತು ಚಿಪಾ ತಿನ್ನುತ್ತಿದ್ದಾಳೆ. ಲಾಂಚಿನವರ ಮನೆಗಳೆಲ್ಲ ಈಚೆ ದಡದಲ್ಲೇ ಇರುವುದರಿಂದ ಅವರು ನಿನ್ನನ್ನು ಅಲ್ಲಿ ಇಳಿಸಿ, ಖಾಲಿ ಲಾಂಚು ತಂದು ಕಟ್ಟಿ, ಊಟಕ್ಕೆ ಕೂತಿದ್ದಾರೆ. ಊಟದ ಮೇಲೆ ಒಂದು ನಿದ್ದೆಯಾಗಬೇಕು. ಅದಾಗುವವರೆಗೆ ಎರಡು ದೇಶಗಳ ಸಂಬಂಧ ಕಡಿದುಹೋಗಿರುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ಗಮನಿಸಿದೆಯಾ? ಮಾಟೆ ಕುಡಿಯುವ ಸೋರೆಬುರುಡೆ, ಸೊಪ್ಪು, ಹೀರುಗೊಳವೆ ನಿನ್ನ ಹತ್ತಿರ. ಬಿಸಿನೀರು ನನ್ನ ಹತ್ತಿರ. ನಮ್ಮ ಮನೆಯಲ್ಲಿ ಯಾವಾಗಲೂ ಸುರಿದುಕೊಡುವವನು ನೀನು, ನೀರು ಹದ ಮಾಡುವವಳು ನಾನು. ಈಗ ನಡುವೆ ಒಂದು ನದಿ. ಪಕ್ಕದ ಬೆಂಚಿನವರು ಕರೆದು ತಮ್ಮ ಬುರುಡೆ ಕೊಟ್ಟರು, ಕುಡಿದೆ. ಸೇರಲಿಲ್ಲ. ಪರಪುರುಷನ ಬುರುಡೆ ಎಂದಲ್ಲ, ಅವರು ಸಕ್ಕರೆ ಹಾಕುತ್ತಾರೆ.

ಇಷ್ಟೇ ಆಗಿದ್ದರೆ ನಕ್ಕು, ಮುಂದಿನ ಲಾಂಚಿಗೆ ಹತ್ತಿ ಬಂದುಬಿಡುತ್ತಿದ್ದೆ. ಕಾಗದ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಲಾಂಚಿನ ಹಗ್ಗ ಹಿಡಿಯುವ ಸಿರೀಲೊ ಊಟದ ತಟ್ಟೆ ಹಿಡಿದುಕೊಂಡು ಬಂದು ನನ್ನ ಎದುರಿಗೇ ಕೂತ. ಕೂತವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಆ ಹಸಿರು ಬಸ್ಸಿನ ಯಜಮಾನಿ ನೀವೇನಾ?"

"ಹೌದಪ್ಪ."

"ಒಳಗಿರ್ಲಿಲ್ವಾ?"

"ಒಳಗಿದ್ದಿದ್ರೆ ಇಲ್ಲಿ ಕೂತಿರ್ತಿದ್ನಾ?"

ಅವನು ಮರಗೆಣಸಿನ ತುಂಡನ್ನು ಬಾಯಿಗೆ ಹಾಕುವುದನ್ನೂ ಮರೆತು ನಗತೊಡಗಿದ. "ಅಯ್ಯೋ ದೇವ್ರೇ! ಆ ಮನುಷ್ಯ ಹೊಳೆ ಉದ್ದಕ್ಕೂ ಪರದೆ ಜೊತೆ ಮಾತಾಡಿದ್ರಲ್ಲಮ್ಮ! ನಾನು ಅವರ ಕಿಟಕಿ ಪಕ್ಕದಲ್ಲೇ ನಿಂತಿದ್ದೆ. ಅವರು ಅಷ್ಟು ಗೋಗರೀತಿದ್ರೂ ಒಳಗಿಂದ ಉಸಿರಿಲ್ಲ. ಎಂಥಾ ಸೊಕ್ಕಿನ ಹೆಂಗಸು ಅಂತ ನಿಮ್ಮನ್ನ ಬೈಕೊಂಡೆ, ಹೊಟ್ಟೆಗೆ ಹಾಕ್ಕೊಳ್ಳಿ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಕತೆ ಕೇಳಿದ್ದೆ. ಕೂಸಿಲ್ಲದ ಕಂಕುಳಿಗೆ ಜೋಗುಳ ಹಾಡಿದವನು ನೀನೊಬ್ಬನೇ ಇರಬೇಕು, ಬಸಿಲಿಯೊ.

ಸಿರೀಲೊ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಸುಳ್ಳಾದರೆ ಅವನ ಕಿವಿ ಹಿಂಡು, ಈ ಕಾಗದ ತರುವವನೂ ಅವನೇ. ನೀನು ಪರದೆಗೆ ಹೇಳಿದೆಯಂತೆ: "ಮುದುಕಿ, ನಮ್ಮ ಮನೆಗೆ ಬರೋ ಆ ಶಾಲೆ ಮೇಡಂ ನಮ್ಮ ಕಿತ್ತಳೆ ಮರದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತ್ಕೋತಾಳಲ್ಲೇ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ ಕಣೆ. ನಂಗೆ ಹೋಗೋಕೆ ಇಷ್ಟ ಇಲ್ಲ. ಆದ್ರೆ ನೀನು ಸಮುದ್ರ ಸಮುದ್ರ ಅಂತ ಆಸೆ ಇಟ್ಕೊಂಡಿದ್ದೀಯ, ನಾನು ಹೇಗೆ ಬಾಯಿಬಿಡ್ಲಿ? ಒಂದ್ಸಲ ಬೇಡ ಅನ್ನು, ಇಲ್ಲೇ ತಿರುಗಿಸ್ತೀನಿ." ಪರದೆ ಸುಮ್ಮನಿತ್ತು. ನೀನು ಮತ್ತೆ, "ಮಾತಾಡೇ, ಕೋಪಾನಾ?" ಎಂದೆಯಂತೆ. ಪರದೆ ಆಗಲೂ ಸುಮ್ಮನಿತ್ತು. ನೀನು ನಿಟ್ಟುಸಿರು ಬಿಟ್ಟು, "ಆಯ್ತಮ್ಮ, ಹೋಗೋಣ ಬಿಡು," ಎಂದೆಯಂತೆ.

ಬಸಿಲಿಯೊ, ನಾನು ಯಾವಾಗ ಸಮುದ್ರ ಸಮುದ್ರ ಎಂದೆ?

ಕೂತು ಬಹಳ ಯೋಚಿಸಿದೆ. ಅಡುಗೆಮನೆಯ ಗೋಡೆಯ ಮೇಲೆ ಬ್ರೆಜಿಲಿನ ಕರಾವಳಿಯ ಚಿತ್ರವಿದ್ದ ಒಂದು ಕ್ಯಾಲೆಂಡರು ನೇತಾಡುತ್ತಿತ್ತು. ಅದರ ಮೇಲಿನ ಜೇಡರಬಲೆ ಒರೆಸುತ್ತ ಒಂದು ದಿನ ನಾನು, "ನೋಡೋಕೆ ಚೆನ್ನಾಗಿದೆ," ಎಂದಿರಬೇಕು. ಇಷ್ಟೇ ನನಗೆ ನೆನಪಿರುವ ಸಮುದ್ರ. ಮಾರನೆಯ ವಾರ ನೀನು ಕಂಪನಿಯವರು ಕೈಬಿಟ್ಟ ಹಳೆಯ ಬಸ್ಸನ್ನು ಅಂಗಳಕ್ಕೆ ತಂದು ನಿಲ್ಲಿಸಿದೆ. ಸೀಟುಗಳನ್ನು ಕಿತ್ತೆ. ಮಂಚ ಬಂತು, ತೊಟ್ಟಿ ಬಂತು, ಹಣೆಯ ಮೇಲೆ 'ಹಠಮಾರಿ' ಎಂದು ಹೆಸರು ಬಂತು. ಅದು ಬಸ್ಸಿನ ಹೆಸರೋ ನನ್ನದೋ ಎಂದು ಬೀದಿಯವರೆಲ್ಲ ಕೇಳಿ ನಕ್ಕರು. ನಾನು ಹುಡುಗಿಯಾಗಿ ಪೇಟೆಯ ಹೊಲಿಗೆ ಅಂಗಡಿಗೆ ಹೋಗುವಾಗ ಕೂರುತ್ತಿದ್ದ ಮೂರನೆಯ ಸಾಲಿನ ಸೀಟು, ಕನ್ನಡಿಯಲ್ಲಿ ನೀನು ಕಳ್ಳತನದಿಂದ ನೋಡುತ್ತಿದ್ದ ಸೀಟು, ಅದನ್ನೂ ಕಿತ್ತು ಅಲ್ಲಿ ಗ್ಯಾಸ್ ಒಲೆ ಕೂರಿಸಿದೆ. ಆಗಲೇ ನನಗೆ ಅಳು ಬಂದಿತ್ತು. ನೀನು ಅದನ್ನು ಆನಂದಬಾಷ್ಪವೆಂದು ತಿಳಿದು ಎರಡನೆಯ ಒಲೆಯನ್ನೂ ಕೂರಿಸಿದೆ.

ಅವನಿಗೆ ಎಂಥ ಹುಮ್ಮಸ್ಸು, ನಾನೇಕೆ ತಣ್ಣೀರೆರಚಲಿ ಎಂದು ನಾನು ಸುಮ್ಮನಿದ್ದೆ. ಅವಳಿಗೆ ಎಂಥ ಆಸೆ, ನಾನೇಕೆ ಅಡ್ಡ ಬರಲಿ ಎಂದು ನೀನು ಸುಮ್ಮನಿದ್ದೆ. ಹೀಗೆ ಯಾರಿಗೂ ಬೇಡದ ಪ್ರಯಾಣಕ್ಕೆ ಇಬ್ಬರೂ ಸೇರಿ ಪರದೆ ಹೊಲಿದೆವು. ಮನೆಯನ್ನು ಶಾಲೆಯ ಮೇಡಮ್ಮಿಗೆ ಬಿಟ್ಟುಕೊಡುವುದೆಂದೂ ಮಾತಾಯಿತು. ಭಾನುವಾರ ಅವಳು ಸಾಮಾನು ತರುತ್ತಾಳೆ. ಕೀಲಿಯನ್ನು ಓಲ್ಗಾಳ ಅಂಗಡಿಯಲ್ಲಿ ಕೊಟ್ಟು ಹೋಗುವುದೆಂದು ನೀನೇ ಹೇಳಿದ್ದೆ. ಕೀಲಿ ಒಮ್ಮೆ ಅವಳ ಕೈಸೇರಿದರೆ ಮತ್ತೆ ಆ ಅಂಗಳಕ್ಕೆ ನಾವು ನೆಂಟರಾಗಿ ಹೋಗಬೇಕು, ಗೇಟಿನ ಹೊರಗೆ ನಿಂತು ಚಪ್ಪಾಳೆ ತಟ್ಟಿ ಕರೆಯಬೇಕು.

ಅಂದಮೇಲೆ ಅಂಗಡಿಗೆ ಬಂದದ್ದು ನೀರಿಗೆ ಮಾತ್ರವಲ್ಲ. ಕೀಲಿ ಕೊಡುವುದಕ್ಕೂ ಬಂದಿದ್ದೆ. ಓಲ್ಗಾ ಕೈ ಚಾಚಿದಳು. ನಾನು ಫ್ಲಾಸ್ಕು ಕೊಟ್ಟೆ. ನೀರು ತುಂಬಿಕೊಟ್ಟು ಮತ್ತೆ ಚಾಚಿದಳು. ಚಿಪಾ ಎಷ್ಟು ಹೊತ್ತಿಗೆ ಬೆಂದದ್ದು ಎಂದು ವಿಚಾರಿಸಿದೆ. "ಏನೇ ಇರ್ಮಾ, ಕೀಲಿ ಕೊಡ್ತೀಯೋ, ಅದಕ್ಕೂ ಚಿಪಾ ಕಟ್ಟಿಸ್ಕೋತೀಯೋ?" ಎಂದಳು. ಅಷ್ಟರಲ್ಲಿ ಲಾಂಚು ಕೂಗಿತು. ತಿರುಗಿ ನೋಡಿದರೆ ನೀನು ಅರ್ಧ ಹೊಳೆಯಲ್ಲಿದ್ದೆ.

ಈಗ ಸಿರೀಲೊನ ಬಾಯಿಂದ ನಿನ್ನ ಮನಸ್ಸು ತಿಳಿದ ಮೇಲೆ ನನಗೆ ಖುಷಿಯಾಗಬೇಕಿತ್ತು, ಅಲ್ಲವೇ? ಇಬ್ಬರಿಗೂ ಬೇಡ, ತಿರುಗಿ ಬಾ, ಮುಗಿಯಿತು. ಹಾಗಾಗಲಿಲ್ಲ ನೋಡು. ನೀನು ಬೇಡವೆಂದೆ ಎಂದು ಕೇಳಿದ ಕ್ಷಣವೇ ನನಗೆ ಸಮುದ್ರ ನೋಡಬೇಕೆನಿಸಿತು! ಕಳೆದ ತಿಂಗಳೆಲ್ಲ ಅಭ್ಯಾಸಕ್ಕೆಂದು ಅಂಗಳದಲ್ಲಿ ಬಸ್ಸಿನೊಳಗೆ ಮಲಗಿದೆವಲ್ಲ, ನಿನಗೆ ಹೇಳಿರಲಿಲ್ಲ, ಆ ಮಂಚದ ಮೇಲೆ ನನಗೆ ಎಂದೂ ಬಾರದಂಥ ನಿದ್ದೆ ಬಂದಿತ್ತು. ಕಿತ್ತಳೆ ಮರ ನೆನೆದರೆ ಮನೆಯ ಕಡೆ ತಿರುಗಿ ಕೂರುತ್ತೇನೆ. ಆ ಮಂಚ ನೆನೆದರೆ ಹೊಳೆಯ ಕಡೆ ತಿರುಗಿ ಕೂರುತ್ತೇನೆ. ಬೆಂಚು ಸವೆಯಿತೋ ಏನೋ. ಓಲ್ಗಾಳನ್ನು ಕೇಳಿದೆ, "ನಿನಗೇನನ್ನಿಸುತ್ತೆ?" ಎಂದು. "ನಂಗೇನನ್ಸುತ್ತೆ ಅಂದ್ರೆ, ನೀವಿಬ್ರೂ ಗಂಡ ಹೆಂಡ್ತಿ ಅಲ್ಲ ಕಣೆ, ಎದುರುಬದುರು ಅಂಗಡಿಯೋರು. ಕೈ ಬೀಸ್ತೀರಿ, ಮಾತಾಡಲ್ಲ," ಎಂದಳು. ಅಷ್ಟು ಹೇಳಿ ಬೆಂಚು ಒರೆಸಲು ಹೋದಳು.

ಇಷ್ಟು ಬರೆಯುವಷ್ಟರಲ್ಲಿ ನೀನು ಅಲ್ಲಿ ಇನ್ನೇನೋ ಶುರು ಮಾಡಿದ್ದೀಯ. ಬಸ್ಸನ್ನು ತಿರುಗಿಸಿ ಅದರ ಮೂತಿಯನ್ನು ನದಿಯ ಕಡೆಗೆ ನಿಲ್ಲಿಸಿದ್ದೀಯ. ವಾಪಸು ಬರುವೆನೆಂಬ ಸೂಚನೆಯೋ, ಬಿಸಿಲು ತಪ್ಪಿಸಲು ನೆರಳು ಹುಡುಕಿದೆಯೋ? ಮಡಚುವ ಕುರ್ಚಿಗಳೆರಡನ್ನೂ ಹೊರಗೆ ಹಾಕಿದೆ. ಒಂದರಲ್ಲಿ ನೀನು ಕೂತೆ. ಇನ್ನೊಂದರ ಮೇಲೆ ಬುರುಡೆ ಇಟ್ಟೆ. ಆ ದಡದವನೊಬ್ಬ ಹಂಡೆಯಷ್ಟು ದೊಡ್ಡ ಬುರುಡೆ ಹಿಡಿದು ಬಂದು ನಿನಗೆ ಬಿಸಿನೀರು ನೀಡಲು ನೋಡಿದ. ನೀನು ಬೇಡವೆಂದು ಕೈಯಾಡಿಸಿದೆ. ಕಾಣಿಸಿತು. ಕಣ್ಣಿಗೆ ಪೊರೆ ಬಂದಿದೆಯೆಂದು ಡಾಕ್ಟರು ಹೇಳಿದ್ದು ಸುಳ್ಳು, ನನಗೆ ಅದು ಸ್ಪಷ್ಟವಾಗಿ ಕಾಣಿಸಿತು.

ಸಿರೀಲೊ ಎದ್ದು ಮುಖ ತೊಳೆಯುತ್ತಿದ್ದಾನೆ, ಲಾಂಚು ಹೊರಡುತ್ತದೆ. ಆದ್ದರಿಂದ ಮುಖ್ಯ ವಿಷಯ. ಈ ಕಾಗದವನ್ನು ಅವನು ನಿನ್ನ ಕೈಗೆ ಕೊಡುತ್ತಾನೆ. ನಿಂತಲ್ಲೇ ಓದು, ಕನ್ನಡಕ ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ. ಓದಿದ ಮೇಲೆ, ನಿನಗೆ ಏನು ಹೇಳಬೇಕೆನಿಸುತ್ತದೋ ಅದನ್ನು ಸಿರೀಲೊನಿಗೆ ಹೇಳು. ನಾಚಬೇಡ. ಅವನನ್ನು ಪರದೆ ಎಂದುಕೋ, ನಿನಗೆ ಅಭ್ಯಾಸವಿದೆ. ಬೇಡವೆಂದರೆ ಬೇಡವೆನ್ನು. ಬೇಕೆಂದರೆ ಬೇಕೆನ್ನು. ನಿನಗೂ ನನ್ನ ಹಾಗೆ ಏನೂ ತಿಳಿಯುತ್ತಿಲ್ಲವೆಂದರೆ ಅದನ್ನೇ ಗಟ್ಟಿಯಾಗಿ ಹೇಳು. ನನ್ನ ಆಸೆಯೇನಿರಬಹುದೆಂದು ಮಾತ್ರ ಹೇಳಬೇಡ, ಅದು ನನ್ನ ಇಲಾಖೆ.

ಅವನು ದಪ್ಪ ಆಳು, ಅಗಲ ಬೆನ್ನು. ನಾನೂ ಅದೇ ಲಾಂಚಿನಲ್ಲಿ ಬರುತ್ತೇನೆ, ಈ ಸಲ ಪರದೆಯ ಹಿಂದೆ ನಾನಿರುತ್ತೇನೆ. ಒಂದು ಕೈಯಲ್ಲಿ ಹದವಾದ ಬಿಸಿನೀರು, ಇನ್ನೊಂದು ಕೈಯಲ್ಲಿ ಮನೆಯ ಕೀಲಿ. ಇದೇ ಲಾಂಚು ಮತ್ತೆ ಈ ದಡಕ್ಕೂ ಬರುತ್ತದೆ, ಆ ದಡದಿಂದ ಸಮುದ್ರಕ್ಕೆ ರಸ್ತೆಯೂ ಇದೆ. ಎಲ್ಲಿಗಾದರೂ ಆಗಲಿ, ಹೊರಡುವ ಮುಂಚೆ ಒಮ್ಮೆ ಹಿಂತಿರುಗಿ, "ಎಲ್ಲ ಹತ್ತಿದ್ರಾ?" ಎಂದು ಕೇಳು. ಮೂರನೆಯ ಸಾಲಿನಿಂದ ನಾನು ಉತ್ತರ ಕೊಡುತ್ತೇನೆ.

ನಿನ್ನ ಬುರುಡೆಯಲ್ಲಿ ಸೊಪ್ಪು ಮುಗಿಯದಿರಲಿ, ನಿನ್ನ ಚಕ್ರಗಳಲ್ಲಿ ಗಾಳಿ ಇಳಿಯದಿರಲಿ, ದೇವರು ನಿನ್ನನ್ನು ನನ್ನ ಕೈಗೆ ಸಿಗುವಷ್ಟು ಹತ್ತಿರ ಇಟ್ಟಿರಲಿ ಎಂದು ಹರಸುವ,

ಎರಡು ದೇಶಗಳ ದಾಖಲೆಯಲ್ಲೂ ಸಿಗದ ನಿನ್ನ ಮುದುಕಿ,
ಇರ್ಮಾ