ಅಡುಗೆ ಪುಸ್ತಕಗಳ ನಡುವೆ ಸಿಕ್ಕ ರೆಸಿಪಿ

ರಾಣೇಬೆನ್ನೂರು
ಆಷಾಢ ಮೂವತ್ತಾರು, 2171

ಶಿವಲೀಲಾ ಕುಸಗೂರ ಅವರಿಗೆ, ಹಾವಿನ ವಿಷದ ಔಷಧಿ ತಯಾರಿಸುವ ನಿಮ್ಮದೇ ಸೀರಮ್ ಕಾರ್ಖಾನೆಯಿಂದ ಮಾಬೂಬಿ ನದಾಫಳ ಸಲಾಂ.

ಮೂವತ್ತಾರನೇ ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ. ನಮಗೆ ತಿಂಗಳು ಹತ್ತೇ, ಒಂದೊಂದಕ್ಕೂ ಮೂವತ್ತಾರು ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ಬಿಡುದಿನ. ಆಗ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ತಿಳಿಯುತ್ತಿಲ್ಲ. ಕಾಲದ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಗಿಂತ ಹಿರಿಯರು. ಆದರೆ ಹಳೆಯ ಹಾಜರಿ ಪುಸ್ತಕದ ಪ್ರಕಾರ ಇದನ್ನು ಓದುವಾಗ ನಿಮಗೆ ಮೂವತ್ತನಾಲ್ಕು ವರ್ಷ, ನನಗೋ ಅರವತ್ತೊಂದು. ಅಕ್ಕ ಅಂದುಬಿಡುತ್ತೇನೆ, ಇಬ್ಬರಿಗೂ ನಷ್ಟವಿಲ್ಲ. ಕಳೆದ ಕಾಲಕ್ಕೆ ಕಾಗದ ಒಯ್ಯುವ ನಮ್ಮ ಹಿಂದಂಚೆಯಲ್ಲಿ ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಹೆಚ್ಚಿನವರು ಅದನ್ನು ತಮ್ಮ ಹರೆಯಕ್ಕೇ ಬರೆದು ತಮ್ಮನ್ನೇ ಬೈದುಕೊಳ್ಳುತ್ತಾರೆ. ನನ್ನ ತಂಗಿ ಜೈತುನ್ ಹಾಗೇ ಮಾಡಿದಳು. ಅದರಿಂದ ಅವಳು ಸುಧಾರಿಸಿದ್ದನ್ನು ನಾನಂತೂ ಕಂಡಿಲ್ಲ.

ನಮ್ಮ ದಿನಗಳು ನಿಮ್ಮಂತಲ್ಲ. ಬಿಸಿಲಿನ ಝಳಕ್ಕೆ ಹಗಲಲ್ಲಿ ಹೊಲಕ್ಕೆ ಇಳಿಯಲಾಗುವುದಿಲ್ಲ. ಪೇಟೆಯ ಓಣಿಗಳಿಗೆಲ್ಲ ಚಾವಣಿ ಹಾಕಿ ನೆರಳೋಣಿ ಮಾಡಿಕೊಂಡಿದ್ದೇವೆ. ಮಧ್ಯಾಹ್ನವೆಲ್ಲ ಅಲ್ಲೇ ನಿದ್ದೆ, ಜಗಳ, ಚಹಾ. ಗೋವಿನಜೋಳ ಬಿತ್ತುವುದು ನಸುಕಿನಲ್ಲಿ. ಹಾವುಗಳೂ ಜಾಣರೇ, ಅವೂ ಅದೇ ಹೊತ್ತಿಗೆ ಹೊರಬೀಳುತ್ತವೆ. ಹೀಗಾಗಿ ಬಿತ್ತನೆಯ ತಿಂಗಳೆಂದರೆ ನಮ್ಮ ಕಾರ್ಖಾನೆಗೆ ಪರೀಕ್ಷೆಯ ತಿಂಗಳು. ಜೈತುನ್ ಬಿತ್ತುವವರ ಮೇಸ್ತ್ರಿ. ಎಲ್ಲರಿಗಿಂತ ಮುಂದೆ ನಡೆಯುವವಳು ಅವಳೇ.

ಸೀರಮ್ಮನ್ನು ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ ನಿಮಗೆ ಗೊತ್ತಿದ್ದದ್ದೇ. ನಮ್ಮದು ಅದರ ಮರಿಮಗಳು. ಮುಂದಿನ ಟಚ್‌ಸ್ಕ್ರೀನಿಗೆ ನಾವು ಬೆರಳುಗಾಜು ಅನ್ನುತ್ತೇವೆ. ನಿಮ್ಮ ಗಾಜಿನ ಬೆನ್ನಿಗೆ ಅದರದೇ ಮೆಮೊರಿ, ಬ್ಯಾಟರಿ, ಕಾರ್ಡ್ ಇರುತ್ತಿದ್ದವಂತೆ. ನಮ್ಮದಕ್ಕೆ ಏನೂ ಇಲ್ಲ. ಎಷ್ಟು ಡಿಗ್ರಿ, ಎಷ್ಟು ತಾಸು ಎಂಬುದೆಲ್ಲ ಕಣಜದಿಂದ ಇಳಿದು ಬರುತ್ತಿತ್ತು. ಕಣಜವೆಂದರೆ ನಾಡಿನ ಯಂತ್ರಗಳ ನೆನಪನ್ನೆಲ್ಲ ಒಟ್ಟಿಗೆ ತುಂಬಿಟ್ಟ ಜಾಗ. ಯಂತ್ರ ನಡೆಸುವ ನಮ್ಮ ದ್ಯಾಮಪ್ಪನಿಗೆ ‘ಶುರು’ ಗುಂಡಿ ಒತ್ತುವುದೊಂದು ಗೊತ್ತು. ಇಪ್ಪತ್ತೆರಡು ವರ್ಷ ಅದೊಂದನ್ನೇ ಚೆನ್ನಾಗಿ ಒತ್ತಿದ್ದಾನೆ.

ಈ ವರ್ಷ ಬಿತ್ತನೆಗೆ ಮೊದಲು ಕಣಜವನ್ನು ಗುಡಿಸಲು ಅಪ್ಪಣೆಯಾಯಿತು. ಎರಡೆರಡು ಇದ್ದದ್ದರಲ್ಲಿ ಒಂದನ್ನು ತೆಗೆಯಬೇಕಿತ್ತು. ಅಸಲು ತನ್ನ ನಕಲನ್ನು ನೋಡಿ ‘ಅದು ಇದೆಯಲ್ಲ’ ಎಂದು ಅಳಿಸಿಕೊಂಡಿತು, ನಕಲು ಅಸಲನ್ನು ನೋಡಿ ‘ಅದು ಇದೆಯಲ್ಲ’ ಎಂದು ಅಳಿಸಿಕೊಂಡಿತು. ಜೋಪಾನವಾಗಿ ಎರಡು ಕಡೆ ಇಟ್ಟಿದ್ದವೇ ಪೂರ್ತಿ ಹೋದವು. ಒಣಗಿಸುವ ಕ್ರಮವೂ ಹೋಯಿತು. ಅಂದಾಜಿನ ಮೇಲೆ ಐದು ಸಲ ಒಣಗಿಸಿ ನೋಡಿದೆವು. ಐದು ಸಲವೂ ಔಷಧಿ ಕುಸಿದು, ಬೆಲ್ಲದ ಪಾಕದ ಹಾಗೆ ಸೀಸೆಯ ತಳಕ್ಕೆ ಅಂಟಿತು. ಉಗ್ರಾಣದಲ್ಲಿ ಉಳಿದದ್ದು ಹತ್ತೊಂಬತ್ತು ಸೀಸೆ. ಬಿತ್ತನೆಗೆ ಎಂಟು ದಿನವಿತ್ತು. ನನಗೆ ಊಟ ಸೇರುತ್ತಿರಲಿಲ್ಲ.

ಹಳೆಯ ಸಾಮಾನಿನ ಪಟ್ಟಿಯಲ್ಲಿ ನಿಮ್ಮ ಹೆಸರು ಕಂಡದ್ದು ದ್ಯಾಮಪ್ಪನಿಗೆ. ‘ಶಿವಲೀಲಾ ಕುಸಗೂರ: ರೆಸಿಪಿ, ಒಂದು ಡಬ್ಬಿ.’ ಆ ಡಬ್ಬಿ ಕಾರ್ಖಾನೆಯಲ್ಲಿರಲಿಲ್ಲ, ಹಾವೇರಿಯ ಅಡುಗೆ ಸಂಗ್ರಹಾಲಯದಲ್ಲಿತ್ತು. ಯಂತ್ರದ ಅಂಕಿಗಳ ಪಟ್ಟಿಗೂ ನಿಮ್ಮ ಕಾಲದಲ್ಲಿ ರೆಸಿಪಿ ಅನ್ನುತ್ತಿದ್ದರೆಂಬುದು ಪಟ್ಟಿ ಮಾಡಿದ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ. ನೂರು ವರ್ಷದಿಂದ ನೀವು ಎಣ್ಣೆಗಾಯಿಗೂ ಶೇಂಗಾ ಹೋಳಿಗೆಗೂ ನಡುವೆ ಕೂತಿದ್ದಿರಿ, ಅಕ್ಕ.

ಡಬ್ಬಿಯಲ್ಲಿ ಉಗುರಿನಷ್ಟು ಕಾರ್ಡ್, ಅದಕ್ಕೆ ಸುತ್ತಿದ ಒಂದು ಹಾಳೆ. ಕಾರ್ಡನ್ನು ಓದುವ ಯಂತ್ರ ಹುಡುಕಲು ಮೂರು ದಿನ ಹಿಡಿಯಿತು. ಅದರಲ್ಲಿ ಏನೂ ಇರಲಿಲ್ಲ. ಕಾರ್ಡು ನೆನಪಿಡುವುದು ಕೂಡಿಟ್ಟ ಒಂದಿಷ್ಟು ವಿದ್ಯುತ್ತಿನಲ್ಲಿ. ಆಗಾಗ ಹೊಸದಕ್ಕೆ ಬರೆದುಕೊಳ್ಳದಿದ್ದರೆ ಅದು ಮೆಲ್ಲಗೆ ಸೋರಿಹೋಗುತ್ತದೆ. ನಾನು ಅಲ್ಲೇ ಕುಸಿದು ಕೂತು ಅತ್ತೆ, ಹೇಳಲು ನಾಚಿಕೆಯಿಲ್ಲ. ದ್ಯಾಮಪ್ಪ ಮಾತ್ರ ಹಾಳೆ ಬಿಡಿಸಿ, ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಓದುತ್ತಿದ್ದ. ಆಮೇಲೆ ಹೇಳಿದ: ‘ಮಾಬೂಬಿ, ಅಳೂದು ನಿಂದ್ರಸು. ಎಲ್ಲಾ ಇಲ್ಲೇ ಬರದಾಳ.’

ಹದಿನಾಲ್ಕು ಹಂತಗಳು, ಪೆನ್ನಿನಲ್ಲಿ. ಮೈನಸ್ ನಲವತ್ತೆರಡರಲ್ಲಿ ನಾಲ್ಕು ತಾಸು, ಆಮೇಲೆ ಗಾಳಿ ಎಳೆಯುವುದು, ಆಮೇಲೆ ತಾಸಿಗೆ ಇಷ್ಟೇ ಎಂದು ಬಿಸಿ ಏರಿಸುವುದು. ಏಳನೆಯದರ ಪಕ್ಕದಲ್ಲಿ ‘ಇಲ್ಲಿ ಅವಸರ ಮಾಡಬ್ಯಾಡ್ರಿ’ ಎಂದಿದೆ. ನಮ್ಮ ಐದೂ ಪ್ರಯತ್ನ ಕೆಟ್ಟದ್ದು ಅಲ್ಲೇ. ಕೆಳಗೆ ಕಾರಣವೂ ಇದೆ: ‘ಆಯುಧ ಪೂಜಿಗೆ ಎರಡು ದಿನ ಕರೆಂಟ್ ತಗದಿದ್ವಿ. ಒಳಗಿನ ಬ್ಯಾಟರಿ ಸತ್ತಿದ್ದು ಯಾರಿಗೂ ಗೊತ್ತಿರಲಿಲ್ಲ. ವಾಪಸ್ ಚಾಲೂ ಮಾಡಿದ್ರ ಸ್ಕ್ರೀನಿನ್ಯಾಗ ಚಿತ್ರ ಎಲ್ಲಾ ಬಂದ್ವು, ಅಂಕಿ ಎಲ್ಲಾ ಸೊನ್ನಿ. ಬ್ಯಾಟರಿ ಬದಲ ಮಾಡೂದಿದ್ರ ಕರೆಂಟ್ ಇದ್ದಾಗನ ಮಾಡ್ರಿ. ಕಾರ್ಡಿನ್ಯಾಗ ಕಾಪಿ ಐತಿ. ಆದ್ರೂ ಬರದೀನಿ. ಸಾಹೇಬ್ರು ನಕ್ಕರು, ನಗಲಿ.’

ಬಿತ್ತನೆ ಶುರುವಾಗಿ ಆರನೇ ದಿನಕ್ಕೆ ಉಗ್ರಾಣದಲ್ಲಿ ಎರಡು ಸೀಸೆ ಉಳಿದಿದ್ದವು. ಏಳನೇ ದಿನ ನಿಮ್ಮ ಅಂಕಿಗಳಲ್ಲಿ ಒಣಗಿದ ನಾನೂರು ಸೀಸೆ ಹೊರಬಂದವು. ಹತ್ತಿಯಂತೆ ಬಿಳಿ, ನೀರು ಬಿಟ್ಟರೆ ಚಣದಲ್ಲಿ ಕರಗುವಂಥವು. ಒಂಬತ್ತನೇ ದಿನ ನಸುಕಿನಲ್ಲಿ ಜೈತುನಳ ಮೀನಖಂಡಕ್ಕೆ ಕೊಳಕುಮಂಡಲ ಕಚ್ಚಿತು. ಹದಿನಾರು ಸೀಸೆ ಬೇಕಾಯಿತು. ಎರಡರಿಂದ ಏನೂ ಆಗುತ್ತಿರಲಿಲ್ಲ. ಈಗ ಅವಳು ಪಕ್ಕದಲ್ಲೇ ಕಾಲು ಮೇಲಿಟ್ಟುಕೊಂಡು ಕೂತಿದ್ದಾಳೆ. ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಬೆಳಗಿನಿಂದ ಮೂರು ಸಲ ಬೈದಿದ್ದಾಳೆ. ಅವಳ ಬೈಗುಳ ಕೇಳಿ ನನಗೆ ಇಷ್ಟು ಸಂತೋಷವಾದದ್ದು ಇದೇ ಮೊದಲು. ಎದೆ ಹಗುರಾಗಿದೆ, ಅಕ್ಕ. ಊಟ ಸೇರುತ್ತಿದೆ.

ಇನ್ನು ನನ್ನ ಕೋರಿಕೆ. ಈ ಕಾಗದ ಸಿಗುವಾಗ ನೀವು ಸೊನ್ನೆಯಾದ ಅಂಕಿಗಳನ್ನು ಮತ್ತೆ ಹೊಂದಿಸುತ್ತ ಕೂತಿರುತ್ತೀರಿ. ಹಾಳೆಯಲ್ಲಿ ನೀವೇ ಹಾಕಿದ ತಾರೀಖಿನ ಪ್ರಕಾರ ನವೆಂಬರ್ ಆರರ ಸಂಜೆ ಎಲ್ಲವೂ ಸರಿಬರುತ್ತದೆ. ಕಾರ್ಡಿಗೆ ನಕಲು ಮಾಡಲು ಒಂದು ನಿಮಿಷ ಸಾಕು, ಐದೂವರೆಗೆ ಶಿಫ್ಟ್ ಮುಗಿಯುತ್ತದೆ, ಎಲ್ಲರೂ ಚೀಲ ಹೆಗಲಿಗೇರಿಸುತ್ತಾರೆ. ನಿಮಗೂ ದಣಿವಾಗಿರುತ್ತದೆ. ಹಾಳೆಯ ತೀರಾ ಬುಡದಲ್ಲಿ, ಮೂಲೆಯಲ್ಲಿ, ನಿಮ್ಮ ಅಕ್ಷರ ಹೀಗಿದೆ: ‘ಐದು ಐವತ್ತೆರಡು. ಬರದು ಮುಗೀತು. ಐದು ನಲವತ್ತರ ಬಸ್ ಹೋತು.’

ಗೇಟಿನ ಹತ್ತಿರ ಅದು ಹಾರ್ನ್ ಹೊಡೆಯುವಾಗ ನೀವು ಏಳನೇ ಹಂತದಲ್ಲಿರುತ್ತೀರಿ. ಶಿವಲೀಲಕ್ಕ, ಬಸ್ಸು ಹೋಗಲಿ ಬಿಡಿ.

ನಿಮ್ಮ ತಂಗಿ,
ಮಾಬೂಬಿ ನದಾಫ