ಇಲ್ಪೊನ ಗಿಟಾರಿಗೆ ಮೇಣ

ಇಲ್ಪೊ,

ನಿನ್ನ ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಇವತ್ತು ಕಿರುಚುವುದನ್ನು ನಿಲ್ಲಿಸಿತು. ವಾಲ್ಯೂಮ್ ಪೂರ್ತಿ ಏರಿಸಿ ಇದನ್ನು ಖಚಿತಪಡಿಸಿದವಳು ನಿನ್ನ ತಂಗಿ ಐಲಾ. ತಂತಿಗಳ ಕೆಳಗೆ ನಾದ ಹಿಡಿಯುವ ಪಿಕಪ್‌ನೊಳಗೆ ತಾಮ್ರದ ಸುರುಳಿ ಸಡಿಲವಾಗಿ ಅದುರಿ ಆ ಕಿರುಚಾಟ ಎಬ್ಬಿಸುತ್ತಿತ್ತು. ಸಂತರ ಹಬ್ಬಕ್ಕೆ ನಿನ್ನ ಸಮಾಧಿಯ ಮೇಲೆ ಹಚ್ಚಲು ತಂದಿದ್ದ ಮೇಣದಬತ್ತಿಗಳಲ್ಲಿ ಎರಡನ್ನು, ಆ ಸುರುಳಿಯನ್ನು ಬಿಗಿಗೊಳಿಸಲು, ನನ್ನ ಅಡುಗೆಮನೆಯಲ್ಲಿ ಕರಗಿಸಿದೆವು.

"ಬಿಡು, ಅವನಿಗೆ ಕತ್ತಲಲ್ಲಿ ಕೂರೋದು ರೂಢಿನೇ," ಅಂದಳು ಐಲಾ.

ಪಿಕಪ್ಪನ್ನು ಮೇಣದಲ್ಲಿ ಅದ್ದಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು, ಆರಿಸಿ ಜೋಡಿಸಿದೆವು. ನುಡಿಸಿ ನೋಡಿ ಅವಳು ಕೇಳಿದಳು: "ಅಂದ್ರೆ ಅವನ ಬೆರಳಲ್ಲಿ ದೋಷ ಇರ್ಲಿಲ್ಲ. ಬ್ಯಾಂಡಿಂದ ಅವನನ್ನ ತೆಗೆಯೋ ಮುಂಚೆ ನಿಮ್ಮಲ್ಲಿ ಒಬ್ರಾದ್ರೂ ಇದನ್ನ ಬಿಚ್ಚಿ ನೋಡಿದ್ರಾ, ರೇಯೊ?"

ನಾನು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದೆ.

ಬುಧವಾರ ಸಂಜೆ ಆರಕ್ಕೆ ಬ್ಯಾಂಡಿನ ಅಭ್ಯಾಸವಿದೆ. ನಿನ್ನ ಗಿಟಾರನ್ನು ಐಲಾ ನುಡಿಸುತ್ತಾಳೆ.